‘ಅಪರೂಪ ಆಗಿಬಿಟ್ರಿ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು?

ನ್ಗಾರಾದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ದಿನಕ್ಕೆ ನಾಲ್ಕು ಭಾಷೆ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಪಕ್ಕದ ಮನೆಯವರ ಗುಜರಾತಿ, ಮಟಾಟು ಹತ್ತಿದರೆ ಸ್ವಾಹಿಲಿ, ಶಾಲೆಯ ಗೇಟು ದಾಟಿದರೆ ಇಂಗ್ಲಿಷ್. ಹಸಿವು, ಜ್ವರ, ಸಿಟ್ಟು ಇವನ್ನೆಲ್ಲ ಅವರು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಲ್ಲರು. ಮಾತು ಸಾಲದೆ ಬರುವುದು ಬೇರೊಂದು ಕಡೆ. ಮೊದಲು ಬಹಳ ಹತ್ತಿರವಿದ್ದವರು ಈಗ ಅಷ್ಟು ಹತ್ತಿರವಿಲ್ಲ. ಜಗಳವಾಯಿತೇ ಎಂದರೆ ಆಗಿಲ್ಲ. ಹಾಗಾದರೆ ಎಲ್ಲ ಸರಿ ಇದೆಯೇ ಎಂದರೆ, ಹಾಗೂ ಇಲ್ಲ. ಇದಕ್ಕೆ ಏನೆನ್ನುವುದು?

ಕನ್ನಡದಲ್ಲಿ ‘ದೂರವಾದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಹತ್ತಾರು ಮಾತುಗಳಿವೆ. ಪ್ರಬಂಧ ಬರೆಯುವ ಮಕ್ಕಳು ನಿಘಂಟಿನಲ್ಲಿ ಅವೆಲ್ಲ ಒಂದೇ ಸಾಲಿನಲ್ಲಿ ಕಂಡವೆಂದು ಒಂದರ ಬದಲು ಇನ್ನೊಂದನ್ನು ಹಾಕುತ್ತಾರೆ. ಹಾಗೆ ಹಾಕಿದರೆ ಅರ್ಥ ಸ್ವಲ್ಪ ಬದಲಾಗುವುದಷ್ಟೇ ಅಲ್ಲ, ತಪ್ಪು ಯಾರದು ಎಂಬುದೇ ಬದಲಾಗಿಬಿಡುತ್ತದೆ. ಆದ್ದರಿಂದ ಈ ಸಲದ ಸಂಚಿಕೆಯಲ್ಲಿ ಕನ್ನಡಕ್ಕೆ ಸಿಕ್ಕ ಪುಟಗಳನ್ನು ಈ ಇಂಗ್ಲಿಷ್ ಮಾತುಗಳಿಗೇ ಕೊಡೋಣ ಎಂದುಕೊಂಡೆವು. ‘ನಾವು’ ಎಂದರೆ ಇಲ್ಲಿ ಇಬ್ಬರು, ಒಬ್ಬರು ತೀರ್ಥಹಳ್ಳಿ ಕಡೆಯವರು, ಇನ್ನೊಬ್ಬರು ಧಾರವಾಡದವರು. ನಮ್ಮನಮ್ಮಲ್ಲೇ ಒಂದೊಂದು ಪದಕ್ಕೆ ಎರಡೆರಡು ಕನ್ನಡ ಇರುವುದರಿಂದ ಚರ್ಚೆಗೆ ಬರಗಾಲವಿಲ್ಲ!

ಮೊದಲು ‘ಡ್ರಿಫ್ಟ್ ಅಪಾರ್ಟ್’. ಎರಡು ದೋಣಿಗಳು ಹಗ್ಗ ಕಟ್ಟದೆ ನೀರಿನ ಮೇಲಿವೆ ಎಂದುಕೊಳ್ಳಿ. ಯಾರೂ ಹುಟ್ಟು ಹಾಕಲಿಲ್ಲ, ಯಾರೂ ತಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಡುವೆ ನೀರು ಅಗಲವಾಗಿದೆ. ಈ ಮಾತಿನಲ್ಲಿ ತಪ್ಪಿತಸ್ಥರಿಲ್ಲ. ವ್ಯಾಕರಣವೂ ಅದನ್ನೇ ಹೇಳುತ್ತದೆ. ಇದು ಅಕರ್ಮಕ ಕ್ರಿಯಾಪದ, ‘ಅವನು ನನ್ನನ್ನು ಡ್ರಿಫ್ಟ್ ಅಪಾರ್ಟ್ ಮಾಡಿದ’ ಎಂದು ಬರೆಯಲು ಬರುವುದಿಲ್ಲ. ‘ಗ್ರೋ ಅಪಾರ್ಟ್’ ಇದರ ತಂಗಿ. ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿದವರು ಬೆಳೆಯುತ್ತ ಬೆಳೆಯುತ್ತ ಒಬ್ಬರು ಕ್ರಿಕೆಟ್ಟಿಗೂ ಇನ್ನೊಬ್ಬರು ಪಿಟೀಲಿಗೂ ಹೋದರೆ ಈ ಮಾತು ಸರಿ.

‘ಎಸ್ಟ್ರೇಂಜ್ಡ್’ ಹಾಗಲ್ಲ. ಇದು ಲ್ಯಾಟಿನ್ ಮೂಲದಿಂದ ಹಳೆಯ ಫ್ರೆಂಚಿನ ದಾರಿಯಾಗಿ ಬಂದ ಪದ. ಅಪರಿಚಿತ ಎಂಬ ಅರ್ಥದ ‘ಸ್ಟ್ರೇಂಜರ್’ ಕೂಡ ಅದೇ ಮನೆತನದ್ದು. ಒಳಗಿನವರಾಗಿದ್ದವರನ್ನು ಹೊರಗಿನವರಂತೆ ಕಾಣುವುದು ಎಂದು ಅರ್ಥ. ಇದನ್ನು ಹೇಳಬೇಕಾದರೆ ಮೊದಲು ಒಳಗೆ ಇದ್ದಿರಬೇಕು: ಗಂಡ ಹೆಂಡತಿ, ಅಪ್ಪ ಮಗ, ಅಣ್ಣ ತಮ್ಮ. ತರಕಾರಿ ಅಂಗಡಿ ಬದಲಾಯಿಸಿದರೆ ಅಂಗಡಿಯವರಿಂದ ಎಸ್ಟ್ರೇಂಜ್ಡ್ ಆದೆವು ಎನ್ನುವಂತಿಲ್ಲ. ಜೊತೆಗೆ, ಏನೋ ಒಂದು ನಡೆದಿರಬೇಕು. ಆಸ್ತಿಯ ಪಾಲು, ಮದುವೆಯಲ್ಲಿ ಆದ ಅವಮಾನ, ಹೇಳಬಾರದಿದ್ದ ಒಂದು ಮಾತು. ಪದದ ಹಿಂದೆ ‘ಫ್ರಮ್’ ಬರುತ್ತದೆ, ‘ಟು’ ಅಲ್ಲ. ಇನ್ನೊಂದು ಎಚ್ಚರಿಕೆ, ಪತ್ರಿಕೆಯಲ್ಲಿ ‘ಎಸ್ಟ್ರೇಂಜ್ಡ್ ಹಸ್ಬೆಂಡ್’ ಎಂದು ಕಂಡರೆ ಅದು ವಿಚಿತ್ರ ಸ್ವಭಾವದ ಗಂಡ ಎಂದಲ್ಲ. ಬೇರೆಯಾಗಿ ಬಾಳುತ್ತಿರುವ ಗಂಡ.

‘ಫಾಲ್ ಔಟ್’ ಎಂದರೆ ನೇರವಾಗಿ ಜಗಳವಾಡಿ ದೂರವಾಗುವುದು. ಮಕ್ಕಳ ಭಾಷೆಯಲ್ಲಿ ‘ಟೂ ಬಿಡುವುದು’. ಈ ಶಾಲೆಯ ಆಟದ ಬಯಲಿನಲ್ಲಿ ಅದಕ್ಕೆ ಗುಜರಾತಿ ಹೆಸರೇ ಹೆಚ್ಚು ಚಲಾವಣೆಯಲ್ಲಿದೆ: ‘ಕಿಟ್ಟಾ’. ರಾಜಿಯಾದರೆ ‘ಬುಚ್ಚಾ’. ದೊಡ್ಡವರ ಕಿಟ್ಟಾಕ್ಕೆ ಗುಜರಾತಿಯಲ್ಲೂ ಮರಾಠಿಯಲ್ಲೂ ‘ಅಬೋಲಾ’ ಎಂಬ ಬೇರೆಯೇ ಪದವಿದೆ ಎಂದು ನೆರೆಮನೆಯವರು ಹೇಳಿದಾಗ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮಾತಿಲ್ಲದಿರುವುದಕ್ಕೇ ಒಂದು ನಾಮಪದ! ಕನ್ನಡದಲ್ಲಿ ನಾವು ‘ಮಾತು ಬಿಟ್ಟಿದ್ದಾರೆ’ ಎನ್ನುತ್ತೇವೆ. ಇದನ್ನೇ ಇಂಗ್ಲಿಷಿಗೆ ತರುವಾಗ ಭಾರತೀಯರೆಲ್ಲ ‘ನಾಟ್ ಇನ್ ಟಾಕಿಂಗ್ ಟರ್ಮ್ಸ್’ ಎನ್ನುವುದುಂಟು. ಪರೀಕ್ಷೆಯಲ್ಲಿ ಬರೆಯುವಾಗ ‘ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್’ ಎಂದು ಬರೆಯಿರಿ, ಅರ್ಧ ಅಂಕ ಉಳಿದೀತು. ಹಾಗೆಯೇ ‘ಲಾಸ್ಟ್ ಟಚ್’ ಎಂದರೆ ಸಂಪರ್ಕ ತಪ್ಪಿಹೋಯಿತು ಎಂದು. ‘ಔಟ್ ಆಫ್ ಟಚ್’ ಎಂದು ಒಬ್ಬರ ಬಗ್ಗೆ ಹೇಳಿದರೆ ಅವರಿಗೆ ಈಗಿನ ಕಾಲ ತಿಳಿಯುವುದಿಲ್ಲ ಎಂಬ ಅರ್ಥ ಬಂದುಬಿಡುತ್ತದೆ. ತಾತನ ಬಗ್ಗೆ ಬರೆಯುವಾಗ ಜೋಪಾನ.

‘ಡಿಸ್ಟೆಂಟ್’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಬೇರೆಯಾಗಿ ನಿಲ್ಲುವುದು ಎಂದರ್ಥ. ‘ಡಿಸ್ಟೆಂಟ್ ರಿಲೇಟಿವ್’ ಎಂದರೆ ದೂರದ ನೆಂಟ, ಅದರಲ್ಲಿ ಮನಸ್ಸಿನ ಮಾತೇ ಇಲ್ಲ. ದೂರದ ನೆಂಟರು ಬಹಳ ಆಪ್ತರಿರಬಹುದು, ಒಡಹುಟ್ಟಿದವರು ಡಿಸ್ಟೆಂಟ್ ಆಗಿರಬಹುದು. ‘ಅವಳು ಈಚೆಗೆ ನನ್ನ ಜೊತೆ ಡಿಸ್ಟೆಂಟ್ ಆಗಿದ್ದಾಳೆ’ ಎನ್ನುವಾಗ ‘ವಿತ್’ ಬಳಸುತ್ತಾರೆ. ಅದು ಈಚಿನ ನಡವಳಿಕೆಯ ಮಾತು, ನಾಳೆ ಸರಿಹೋಗಲೂಬಹುದು.

‘ಅಲೂಫ್’ ಹಡಗಿನಿಂದ ಬಂದದ್ದು. ಹಡಗು ದಡಕ್ಕೆ ಬಡಿಯದಿರಲಿ ಎಂದು ಅದರ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿಯಿರಿ ಎಂಬ ಹಳೆಯ ಆಜ್ಞೆ ಅದು. ಎಂದರೆ ಅಲೂಫ್ ಆಗಿರುವವರು ತೇಲಿಹೋದವರಲ್ಲ, ಪ್ರಯತ್ನಪಟ್ಟು ದೂರ ನಿಂತವರು. ನಮ್ಮ ‘ಬಿಗುಮಾನ’ ಇದಕ್ಕೆ ಸರಿಯಾಗಿ ಕೂಡುತ್ತದೆ. ಧಾರವಾಡದವರ ತಕರಾರು ಏನೆಂದರೆ, ಬಿಗುಮಾನದಲ್ಲಿ ಸ್ವಲ್ಪ ನಾಚಿಕೆಯೂ ಇದೆ, ಅಲೂಫ್‌ನಲ್ಲಿ ನಾಚಿಕೆ ಇಲ್ಲ ಎಂದು. ಒಪ್ಪಬೇಕಾದ ಮಾತು.

ಪೋಷಕರು ಗಮನಿಸಬೇಕಾದ ಒಂದು ಪದ ‘ವಿತ್‌ಡ್ರಾನ್’. ಎಂ-ಪೇಸಾ ಅಂಗಡಿಯ ‘ವಿತ್‌ಡ್ರಾ’ ನಮಗೆಲ್ಲ ಗೊತ್ತು. 2007ರಲ್ಲಿ ಎಂ-ಪೇಸಾ ಬಂದಮೇಲೆ ಕೀನ್ಯಾದಲ್ಲಿ ಆ ಪದ ಗೊತ್ತಿಲ್ಲದವರು ವಿರಳ. ಅಲ್ಲಿ ದುಡ್ಡನ್ನು ಹೊರಕ್ಕೆ ಎಳೆಯುತ್ತಾರೆ. ಇಲ್ಲಿ ಮಗು ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡಿದೆ, ಆಮೆಯ ಹಾಗೆ. ಶಾಲೆಯ ವರದಿಯಲ್ಲಿ ಈ ಪದ ಕಂಡರೆ ‘ಜಂಬ’ ಎಂದೋ ‘ಮೊಂಡು’ ಎಂದೋ ಓದಿಕೊಂಡು ಮಗುವನ್ನು ಗದರಬಾರದು. ಅದು ದೂರಲ್ಲ. ಮಗುವಿಗೆ ಏನೋ ನೋವಿದೆ, ಕೇಳಿ ನೋಡಿ ಎಂದು ಅಧ್ಯಾಪಕರು ನಿಮಗೆ ಹೇಳುತ್ತಿರುವ ರೀತಿ ಅದು. ಅಂದಹಾಗೆ ‘ದೂರ’ ಮತ್ತು ‘ದೂರು’ ಅಕ್ಕಪಕ್ಕದಲ್ಲಿ ಕೂತರೂ ನೆಂಟರಲ್ಲ. ದೂರ ಸಂಸ್ಕೃತದ್ದು, ದೂರು ದ್ರಾವಿಡದ್ದು. ಆದರೂ ದೂರವಾದವರು ಪರಸ್ಪರ ದೂರುವುದು ನೋಡಿದರೆ ಎರಡನ್ನೂ ಒಂದೇ ಗುಂಪಿಗೆ ಸೇರಿಸುವ ಆಸೆಯಾಗುತ್ತದೆ.

ಇನ್ನು ಶೀತೋಷ್ಣದ ವಿಚಾರ. ಇದರಲ್ಲಿ ಇಂಗ್ಲಿಷಿಗೂ ನಮಗೂ ಹವಾಮಾನವೇ ಬೇರೆ. ಇಂಗ್ಲಿಷಿನಲ್ಲಿ ಪ್ರೀತಿ ಬೆಚ್ಚಗೆ, ದೂರ ತಣ್ಣಗೆ. ಮುಖ ತಿರುಗಿಸಿಕೊಂಡು ಹೋಗುವುದಕ್ಕೆ ‘ಕೋಲ್ಡ್ ಶೋಲ್ಡರ್’ ಎನ್ನುತ್ತಾರೆ. ಬೇಡದ ಅತಿಥಿಗೆ ಆರಿದ ಮಾಂಸ ಬಡಿಸುತ್ತಿದ್ದರಂತೆ, ಅದರಿಂದ ಬಂತು ಎಂದು ಒಂದು ಕಥೆ ಓಡಾಡುತ್ತದೆ, ಅದಕ್ಕೆ ಆಧಾರವಿಲ್ಲ. ಬರಹದಲ್ಲಿ ಅದು ಕಾಣಿಸಿಕೊಂಡದ್ದು 1816ರಲ್ಲಿ, ವಾಲ್ಟರ್ ಸ್ಕಾಟ್‌ನ ಕಾದಂಬರಿಯಲ್ಲಿ. ಚಳಿಯ ದೇಶದವರಿಗೆ ತಂಪು ಬೇಡವಾದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಹಿರಿಯರು ಹರಸುವಾಗ ಏನೆನ್ನುತ್ತಾರೆ? ‘ನಿನ್ನ ಹೊಟ್ಟೆ ತಣ್ಣಗಿರಲಿ.’ ಇದನ್ನು ಹಾಗೆಯೇ ಇಂಗ್ಲಿಷ್ ಮಾಡಿದರೆ ಶಾಪದಂತೆ ಕೇಳಿಸೀತು! ನಮ್ಮಲ್ಲಿ ಮನಸ್ಸು ಕೆಡುವುದು ಬಿಸಿಯಿಂದ. ‘ಮನಸ್ತಾಪ’ ಎಂಬ ಪದದಲ್ಲೇ ತಾಪವಿದೆ. ಜಗಳವಾದರೆ ‘ಸ್ವಲ್ಪ ತಣ್ಣಗಾಗಲಿ, ಆಮೇಲೆ ಮಾತಾಡೋಣ’ ಎನ್ನುತ್ತೇವೆ. ನೈರೋಬಿ ಎಂಬ ಹೆಸರೂ ಮಾಸಾಯಿಗಳ ಭಾಷೆಯಲ್ಲಿ ತಣ್ಣನೆಯ ನೀರು ಎಂಬ ಮಾತಿನಿಂದ ಬಂದದ್ದೇ. ದನ ಕಾಯುವವರಿಗೆ ಅದು ಕೂಗಿ ಕರೆಯುವ ಹೆಸರೇ ಹೊರತು ಮುಖ ತಿರುಗಿಸುವ ಹೆಸರಲ್ಲ. ಹಾಗಾಗಿ ಪ್ರಬಂಧದಲ್ಲಿ ‘ಶೀ ವಾಸ್ ಕೋಲ್ಡ್’ ಎಂದು ಬರೆಯುವ ಮಕ್ಕಳು, ಅದನ್ನು ಮನೆಗೆ ಬಂದು ಕನ್ನಡದಲ್ಲಿ ಹೇಳುವಾಗ ‘ತಣ್ಣಗಿದ್ದಳು’ ಎನ್ನಬೇಡಿ. ‘ಮುಖ ಕೊಟ್ಟು ಮಾತಾಡಲಿಲ್ಲ’ ಎನ್ನಿ.

‘ಏಲಿಯನೇಟ್’ ಎಂಬುದು ಈ ಗುಂಪಿನಲ್ಲೇ ಭಾರವಾದ ಪದ. ಇತರರದ್ದು, ಅನ್ಯ ಎಂಬ ಲ್ಯಾಟಿನ್ ಪದದಿಂದ ಬಂದಿದೆ. ಇದು ಸಕರ್ಮಕ. ಒಬ್ಬರು ಇನ್ನೊಬ್ಬರನ್ನು ದೂರ ಮಾಡುತ್ತಾರೆ. ಮಾಡಿದವರು ಇದ್ದೇ ಇರುತ್ತಾರೆ. ಮನಸ್ಸಿಗಷ್ಟೇ ಅಲ್ಲ, ಜಮೀನಿಗೂ ಇದೇ ಪದ. ನಮ್ಮ ಕಡೆ ಕಂದಾಯದ ಕಾಗದಗಳಲ್ಲಿ ‘ಪರಭಾರೆ’ ಎಂದು ಬರುತ್ತದಲ್ಲ, ಅದರ ಇಂಗ್ಲಿಷ್ ಏಲಿಯನೇಷನ್. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಿರಲೆಂದು 1978ರಲ್ಲಿ ಬಂದ ಕಾಯ್ದೆಯನ್ನು ಪರಭಾರೆ ನಿಷೇಧ ಕಾಯ್ದೆ ಎಂದೇ ಜನ ಕರೆಯುತ್ತಾರೆ. ಕೀನ್ಯಾದ ಚರಿತ್ರೆಯ ಪುಸ್ತಕದಲ್ಲಿ ‘ಏಲಿಯನೇಟೆಡ್ ಲ್ಯಾಂಡ್’ ಎಂದರೆ ಬ್ರಿಟಿಷರು 1902 ಮತ್ತು 1915ರ ಕಾನೂನುಗಳ ಬಲದಿಂದ ಇಲ್ಲಿಯವರಿಂದ ತೆಗೆದು ಬಿಳಿಯ ವಲಸೆಗಾರರಿಗೆ ಕೊಟ್ಟ ನೆಲ. ನೆಲ ಅಲ್ಲೇ ಇದೆ, ಮಣ್ಣು ಅದೇ ಕೆಂಪು. ಆದರೆ ಅದು ಇನ್ನು ನಿಮ್ಮದಲ್ಲ. ಮನಸ್ಸಿನ ವಿಷಯದಲ್ಲೂ ಈ ಪದದ ಅರ್ಥ ಇದೇ ಎಂದು ನಮಗನಿಸುತ್ತದೆ.

ಈ ಪದವನ್ನು ಶಾಲೆಯ ಮಕ್ಕಳ ಮೇಲೆಯೇ ಪ್ರಯೋಗಿಸಿದವರು ಇದೇ ನೆಲದ ಲೇಖಕ ಗೂಗಿ ವಾ ಥಿಯೊಂಗೊ. ನೈರೋಬಿಗೆ ಹತ್ತಿರದ ಲಿಮುರುವಿನವರು, 1938ರಲ್ಲಿ ಹುಟ್ಟಿ 2025ರ ಮೇ ತಿಂಗಳಲ್ಲಿ ತೀರಿಕೊಂಡರು. 1986ರಲ್ಲಿ ಬಂದ ‘ಡಿಕಾಲನೈಸಿಂಗ್ ದ ಮೈಂಡ್’ ಎಂಬ ಪುಸ್ತಕದಲ್ಲಿ ಅವರು ತಮ್ಮ ಬಾಲ್ಯದ ಶಾಲೆಯ ಸುತ್ತಮುತ್ತ ಗಿಕುಯು ಮಾತಾಡಿ ಸಿಕ್ಕಿಬಿದ್ದವರಿಗೆ ಏಟು ಬೀಳುತ್ತಿದ್ದುದನ್ನೂ, ಕುತ್ತಿಗೆಗೆ ಅವಮಾನದ ಫಲಕ ತೂಗುಹಾಕುತ್ತಿದ್ದುದನ್ನೂ ಬರೆದಿದ್ದಾರೆ. ಮನೆಯ ಭಾಷೆ ಒಂದು, ಕಲಿಕೆಯ ಭಾಷೆ ಇನ್ನೊಂದು ಆಗಿ, ಎರಡಕ್ಕೂ ಹೊಕ್ಕುಬಳಕೆ ತಪ್ಪಿದಾಗ ಮಗು ತನ್ನ ಸುತ್ತಲಿನ ಬದುಕಿನಿಂದಲೇ ದೂರ ನಿಂತು ನೋಡತೊಡಗುತ್ತದೆ ಎಂಬುದು ಅವರ ವಾದದ ಸಾರ. ಕನ್ನಡದಲ್ಲಿ ನವ್ಯದ ಕಾಲದ ವಿಮರ್ಶಕರು ಏಲಿಯನೇಷನ್‌ಗೆ ‘ಪರಕೀಯ ಪ್ರಜ್ಞೆ’, ‘ಅನಾಥಪ್ರಜ್ಞೆ’ ಎಂದೆಲ್ಲ ಹೆಸರಿಟ್ಟರು. ಆಗ ಅದು ದೊಡ್ಡವರ ಕಾದಂಬರಿಗಳ ಪದವಾಗಿತ್ತು. ನಾಲ್ಕು ಭಾಷೆಗಳ ನಡುವೆ ಓಡಾಡುವ ಮಕ್ಕಳನ್ನು ಸಾಕುವವರಿಗೆ ಅದು ಅಡುಗೆಮನೆಯ ಪದ. ಈ ಶಾಲೆಯಲ್ಲಿ ಈಗ ಯಾರ ಕುತ್ತಿಗೆಗೂ ಫಲಕವಿಲ್ಲ, ಬದಲಾಗಿ ಎಲ್ಲ ಭಾಷೆಗಳಿಗೂ ಪತ್ರಿಕೆಯಲ್ಲಿ ಪುಟವಿದೆ. ಆದರೂ ಮಕ್ಕಳು ಊರಿನ ಫೋನು ಬಂದರೆ ಮೆಲ್ಲಗೆ ಬೇರೆ ಕೋಣೆಗೆ ಸರಿಯುವುದನ್ನು ಕಂಡವರು ನಾವಷ್ಟೇ ಅಲ್ಲ ಎಂದುಕೊಂಡಿದ್ದೇವೆ.

ಮೇಲೆ ‘ಹೊಕ್ಕುಬಳಕೆ’ ಎಂದೆವು. ಈಗಿನ ಮಕ್ಕಳಿಗೆ ಇದು ಹೊಸ ಪದವಿರಬಹುದು. ಒಬ್ಬರ ಮನೆಯೊಳಗೆ ಹೊಕ್ಕು, ಬಳಸಿ, ಬಂದು ಹೋಗಿ ಮಾಡಿದ್ದರಿಂದ ಬಂದ ಸಲಿಗೆ. ಕನ್ನಡ ಹತ್ತಿರವನ್ನೂ ದೂರವನ್ನೂ ಅಳೆಯುವುದು ಇದರಿಂದಲೇ. ಇಂಗ್ಲಿಷ್ ಮನಸ್ಸು ಎಷ್ಟು ದೂರ ಹೋಯಿತು ಎಂದು ನೋಡಿದರೆ, ಕನ್ನಡ ಕಾಲು ಎಷ್ಟು ಸಲ ಬಂತು, ಬಾಯಿ ಎಷ್ಟು ಮಾತಾಡಿತು ಎಂದು ಲೆಕ್ಕ ಹಾಕುತ್ತದೆ. ‘ಬಂದುಹೋಗೋದು ನಿಂತಿದೆ’, ‘ಮಾತುಕತೆ ಇಲ್ಲ’, ‘ಬಾಯಿತುಂಬ ಮಾತಾಡಿಸಲಿಲ್ಲ’. ಸಂಬಂಧ ‘ಹಳಸಿತು’ ಎನ್ನುವಾಗಲಂತೂ ಅದು ಇಟ್ಟಲ್ಲೇ ಬಹಳ ಹೊತ್ತು ಬಿಟ್ಟ ಅನ್ನ. ‘ಅವರಿಗೂ ಇವರಿಗೂ ಅಷ್ಟಕ್ಕಷ್ಟೆ’ ಎಂಬ ಮಾತಿಗಂತೂ ಇಂಗ್ಲಿಷಿನಲ್ಲಿ ನಮಗೆ ಇನ್ನೂ ಸಮಾನವಾದದ್ದು ಸಿಕ್ಕಿಲ್ಲ. ಗೊತ್ತಿರುವ ಮಕ್ಕಳು ತಿಳಿಸಿದರೆ ಒಂದು ಡಬ್ಬಿ ಚಕ್ಕುಲಿ ಬಹುಮಾನ.

ಮುನಿಸನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಮುನಿಸು ದೂರವಲ್ಲ. ಹತ್ತಿರದವರ ಮೇಲಲ್ಲದೆ ಯಾರೂ ಮುನಿಸಿಕೊಳ್ಳುವುದಿಲ್ಲ.

ದೋಣಿಯ ಮಾತಿಗೆ ಒಂದು ತಿದ್ದುಪಡಿ ಇದೆ. ‘ಡ್ರಿಫ್ಟ್’ ಎಂಬ ಪದ ಇಂಗ್ಲಿಷಿನ ‘ಡ್ರೈವ್’ ಎಂಬುದರ ಸಂಬಂಧಿ, ಅಟ್ಟಿಸಿಕೊಂಡು ಹೋದದ್ದು ಎಂಬ ಅರ್ಥ ಅದರೊಳಗಿದೆ. ಗಾಳಿ ಅಟ್ಟಿದ ಹಿಮ, ಪ್ರವಾಹ ಅಟ್ಟಿದ ಮರದ ದಿಮ್ಮಿ. ತೇಲುವ ವಸ್ತುವಿಗೆ ತಪ್ಪಿಲ್ಲದಿರಬಹುದು, ಆದರೆ ಕೆಳಗೆ ಒಂದು ಪ್ರವಾಹ ಇದ್ದೇ ಇರುತ್ತದೆ. ಇದನ್ನು ತಿಳಿಯಲು ನ್ಗಾರಾದ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಹಳೆಯ ಕಲ್ಲಿನ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಒಂದು ಕಾಲದಲ್ಲಿ ಅವುಗಳಲ್ಲಿ ರೈಲ್ವೆಯ, ಅಂಗಡಿಯ, ಸರ್ಕಾರಿ ಕಚೇರಿಯ ಭಾರತೀಯ ಕುಟುಂಬಗಳು ತುಂಬಿದ್ದವು. ಕೀನ್ಯಾದಲ್ಲಿ 1962ರಲ್ಲಿ ಸುಮಾರು 1,76,000 ಇದ್ದ ಏಷ್ಯನ್ನರು 1979ರ ಹೊತ್ತಿಗೆ ಸುಮಾರು 78,000 ಆದರು. 1967ರಲ್ಲಿ ಇಲ್ಲಿಯ ಪೌರತ್ವ ಪಡೆಯದವರ ಕೆಲಸಕ್ಕೂ ವ್ಯಾಪಾರಕ್ಕೂ ಪರವಾನಗಿ ಬೇಕೆಂಬ ಕಾನೂನುಗಳು ಬಂದವು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರು ಇಂಗ್ಲೆಂಡಿನ ವಿಮಾನ ಹತ್ತತೊಡಗಿದರು. ಆಗ ಬ್ರಿಟನ್ನಿನ ಸಂಸತ್ತು ಮೂರೇ ದಿನಗಳಲ್ಲಿ ಒಂದು ವಲಸೆ ಕಾಯ್ದೆ ಮಾಡಿ 1968ರ ಮಾರ್ಚ್ 1ರಂದು ಆ ಬಾಗಿಲನ್ನೂ ಬಹುಪಾಲು ಮುಚ್ಚಿತು. ಬಾಗಿಲು ಮುಚ್ಚುವ ಮೊದಲು ಅಣ್ಣ ಒಳಹೋದ, ತಮ್ಮ ಇಲ್ಲಿ ಉಳಿದ. ಒಂದೇ ಮನೆಯವರು ಲೆಸ್ಟರ್, ಲಂಡನ್, ನೈರೋಬಿ, ಜಾಮನಗರ ಎಂದು ಹಂಚಿಹೋದರು. ಈ ಶಾಲೆಯ ಅನೇಕ ಮಕ್ಕಳ ಅಜ್ಜ ಅಜ್ಜಿಯರಿಗೆ ಇದು ಕಥೆಯಲ್ಲ. ಅವರ ಸೋದರಸಂಬಂಧಿಗಳೂ ಇವರೂ ಈಗ ‘ಡ್ರಿಫ್ಟೆಡ್ ಅಪಾರ್ಟ್’ ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅದನ್ನು ಬರೆಯುವ ಮೊಮ್ಮಕ್ಕಳು ಆ ವಾಕ್ಯದ ಪಕ್ಕದಲ್ಲಿ ಪ್ರವಾಹದ ಹೆಸರನ್ನೂ, ಇಸವಿಯನ್ನೂ ಬರೆದರೆ ಒಳ್ಳೆಯದು. ಇಲ್ಲದಿದ್ದರೆ ಇಬ್ಬರಿಗೂ ಒಬ್ಬರಿಗೊಬ್ಬರು ಬೇಡವಾಯಿತು ಎಂದು ಓದುವವರು ತಿಳಿದಾರು.

ಈಗಿನ ಮಕ್ಕಳ ಪದಗಳಿಗೆ ಬಂದರೆ ‘ಘೋಸ್ಟ್’ ಮಾಡುವುದು ಎಂಬುದೊಂದಿದೆ, ಹೇಳದೆ ಕೇಳದೆ ಸಂದೇಶಗಳಿಗೆ ಉತ್ತರ ನಿಲ್ಲಿಸಿ ಭೂತದಂತೆ ಮಾಯವಾಗುವುದು. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು 2017ರಲ್ಲಿ ಒಳಗೆ ಸೇರಿಸಿಕೊಂಡಿತು. ನೈರೋಬಿಯ ಹುಡುಗರು ಅದಕ್ಕಿಂತ ನಿಖರರು. ಸಂದೇಶ ಓದಿಯೂ ಉತ್ತರಿಸದಿದ್ದರೆ ‘ಬ್ಲೂಟಿಕ್ ಮಾಡಿದರು’ ಎನ್ನುತ್ತಾರೆ. ವಾಟ್ಸ್ಯಾಪಿನಲ್ಲಿ ಆ ನೀಲಿ ಗುರುತು ಬಂದದ್ದು 2014ರಲ್ಲಿ. ಹಿಂದೆ ಪತ್ರ ತಲುಪಲಿಲ್ಲವೇನೋ ಎಂದು ಅಂಚೆಯವರ ಮೇಲೆ ಹಾಕಿ ಮನಸ್ಸು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ಆ ಅನುಕೂಲವೂ ಇಲ್ಲ!

ಆದರೆ ಇದೇ ನೈರೋಬಿ ನಮಗೆ ಕೊಟ್ಟ ಇನ್ನೊಂದು ಮಾತು ನಮಗೆ ಬಹಳ ಇಷ್ಟ. ಬಹಳ ದಿನ ಕಾಣದಿದ್ದವರು ಎದುರಾದರೆ ಇಲ್ಲಿ ‘ಉಮೆಪೊಟೆಯಾ’ ಎನ್ನುತ್ತಾರೆ, ‘ನೀನು ಕಳೆದುಹೋಗಿದ್ದೆ’ ಎಂದು. ಅದನ್ನೇ ಇಂಗ್ಲಿಷಿಗೆ ತಂದು ‘ಯು ಆರ್ ಲಾಸ್ಟ್’ ಎಂದುಬಿಡುತ್ತಾರೆ. ಊರಿನಿಂದ ಬಂದ ಹೊಸದರಲ್ಲಿ ಎಷ್ಟೋ ಮಂದಿ ‘ಇಲ್ಲ, ದಾರಿ ಗೊತ್ತಿದೆ’ ಎಂದು ಉತ್ತರಿಸಿ ನಗೆಪಾಟಲಾಗುವುದುಂಟು. ಇಬ್ಬರ ನಡುವೆಯೂ ಭೇಟಿ ತಪ್ಪಿದ್ದರೆ ‘ಟುಮೆಪೊಟೆಯಾನ’: ನಾವು ಒಬ್ಬರನ್ನೊಬ್ಬರು ಕಳೆದುಕೊಂಡಿದ್ದೇವೆ. ಸ್ವಾಹಿಲಿಯಲ್ಲಿ ಕ್ರಿಯಾಪದದ ಕೊನೆಗೆ ‘ಆನ’ ಸೇರಿಸಿದರೆ ‘ಪರಸ್ಪರ’ ಎಂಬ ಅರ್ಥ ಬರುತ್ತದೆ. ‘ಪೆಂಡ’ ಎಂದರೆ ಪ್ರೀತಿಸು, ‘ಪೆಂಡಾನ’ ಎಂದರೆ ಒಬ್ಬರನ್ನೊಬ್ಬರು ಪ್ರೀತಿಸು. ‘ಆಚ’ ಎಂದರೆ ಬಿಡು, ‘ಆಚಾನ’ ಎಂದರೆ ಒಬ್ಬರನ್ನೊಬ್ಬರು ಬಿಡು. ಒಂದೇ ಬಾಲ ಪ್ರೀತಿಗೂ ಅಗಲಿಕೆಗೂ ಅಂಟುತ್ತದೆ, ಹೊಣೆಯನ್ನು ಸಮನಾಗಿ ಹಂಚುತ್ತದೆ.

ನಮ್ಮ ‘ಅಪರೂಪ ಆಗಿಬಿಟ್ರಿ’ ಇದಕ್ಕೆ ಅಕ್ಕ. ಧಾರವಾಡದಲ್ಲಿ ‘ಯಾಕ್ರೀ, ಭಾಳ ಅಪರೂಪ ಆಗೀರಲ್ಲಾ!’ ದೂರು ಇದೆ, ಆದರೆ ನೀವು ಬೆಲೆಬಾಳುವವರು ಎಂಬ ಮರ್ಯಾದೆಯೂ ಅದರಲ್ಲೇ ಇದೆ. ಉಮೆಪೊಟೆಯಾ ಎಂದರೆ ಇಲ್ಲಿಯವರು ‘ನಿಕೋ ಟು’ ಎನ್ನುತ್ತಾರೆ, ‘ಇದ್ದೀನಲ್ಲ’ ಎಂದು. ನಮ್ಮವರೂ ‘ಇಲ್ಲೇ ಇದೀವಲ್ಲ’ ಎಂದೇ ಹೇಳುವುದು. ಇಷ್ಟು ಹಗುರವಾಗಿ ಬಾಗಿಲು ತೆರೆಯುವ ಮಾತು ಬ್ರಿಟಿಷರ ಇಂಗ್ಲಿಷಿನಲ್ಲಿ ನಮಗೆ ಕಂಡಿಲ್ಲ. ಕೀನ್ಯಾದ ಇಂಗ್ಲಿಷಿನಲ್ಲಿ ಇದೆ. ‘ಯು ಆರ್ ಲಾಸ್ಟ್’ ಎಂಬುದನ್ನು ತಪ್ಪು ಇಂಗ್ಲಿಷ್ ಎಂದು ನಗುವ ಬದಲು ಜೇಬಿನಲ್ಲಿಟ್ಟುಕೊಳ್ಳಿ ಎಂದು ಮಕ್ಕಳಿಗೆ ನಮ್ಮ ಸಲಹೆ. ಪರೀಕ್ಷೆಯಲ್ಲಿ ಬೇಡ, ಗೆಳೆಯರು ಸಿಕ್ಕಾಗ ಬಳಸಿ.

ಇಷ್ಟೆಲ್ಲ ಹೇಳಿದರೂ ದೂರವನ್ನು ತೋರಿಸಲು ಕನ್ನಡದಲ್ಲಿ ಪದವೇ ಬೇಕಿಲ್ಲ ಎಂಬುದು ನಮಗೆ ಮನೆಯಲ್ಲೇ ಗೊತ್ತಾಯಿತು. ಭಾನುವಾರ ನಾವು ತೀರ್ಥಹಳ್ಳಿ ಕಡೆಯ ಹಳ್ಳಿಗೆ ಫೋನು ಮಾಡುತ್ತೇವೆ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ನಾಷ್ಟಾ ಮುಗಿಯುವಾಗ ಅಲ್ಲಿ ಅಜ್ಜಿ ಒಗ್ಗರಣೆ ಹಾಕಿ ಕೂತಿರುತ್ತಾರೆ. ಮಗಳು ಚಿಕ್ಕವಳಿದ್ದಾಗ ಅಜ್ಜಿಗೆ ‘ನೀನು’ ಎನ್ನುತ್ತಿದ್ದಳು, ಆ ಕಡೆಯ ಮನೆಗಳಲ್ಲಿ ಅದೇ ರೂಢಿ. ಆಮೇಲೆ ಅಂತರ್ಜಾಲದ ಕನ್ನಡ ತರಗತಿಗೆ ಸೇರಿದಳು. ಹಿರಿಯರಿಗೆ ‘ನೀವು’ ಎನ್ನಬೇಕು ಎಂದು ಅಲ್ಲಿಯ ಪಾಠ. ಸರಿಯಾದ ಪಾಠವೇ. ಒಂದು ಭಾನುವಾರ ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ‘ಅಜ್ಜಿ, ನೀವು ಹೇಗಿದ್ದೀರಿ? ಊಟ ಮಾಡಿದಿರಾ?’ ಎಂದು ಒಂದೂ ತಪ್ಪಿಲ್ಲದೆ ಕೇಳಿದಳು. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ಆಯ್ತು ಮಗಾ. ಅಪ್ಪಂಗೆ ಕೊಡು ಫೋನು.’

ಅಲ್ಲಿಂದ ಮುಂದೆ ಮಾತು ಮೂರು ಪ್ರಶ್ನೆಗೆ ಇಳಿಯಿತು. ಚೆನ್ನಾಗಿದೀಯಾ, ಓದ್ತಿದೀಯಾ, ಮಳೆ ಬಂತಾ. ಮೊಮ್ಮಗಳು ದೊಡ್ಡವಳಾದಳು, ಪರದೇಶದ ಶಾಲೆ, ತನ್ನನ್ನು ಯಾರೋ ಎಂಬಂತೆ ಮಾತಾಡಿಸುತ್ತಾಳೆ ಎಂದು ಅಜ್ಜಿಗೆ ಅನಿಸಿದೆ. ತಾನು ಇಷ್ಟು ಕಷ್ಟಪಟ್ಟು ಶುದ್ಧ ಕನ್ನಡ ಮಾತಾಡಿದರೂ ಅಜ್ಜಿಗೆ ತನ್ನ ಮೇಲೆ ಪ್ರೀತಿ ಕಡಿಮೆಯಾಗಿದೆ ಎಂದು ಮೊಮ್ಮಗಳಿಗೆ. ಕೆಲವು ಮನೆಗಳಲ್ಲಿ ಅಜ್ಜಿಯನ್ನು ಹುಟ್ಟಿದಾಗಿನಿಂದ ‘ನೀವು’ ಎಂದೇ ಕರೆಯುತ್ತಾರೆ, ಅಲ್ಲಿ ಅದು ಪ್ರೀತಿಯ ಮಾತೇ. ದೂರ ಇರುವುದು ‘ನೀವು’ ಎಂಬುದರಲ್ಲಲ್ಲ, ‘ನೀನು’ ಹೋಗಿ ‘ನೀವು’ ಬಂದದ್ದರಲ್ಲಿ.

ಈ ನಡುವೆ ತರಗತಿಯಲ್ಲಿ ದೂರವಾದ ಒಬ್ಬರ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆಯಲು ಕೊಟ್ಟರು. ಅವಳು ಅಜ್ಜಿಯನ್ನೇ ಆರಿಸಿಕೊಂಡು ಮೊದಲ ಸಾಲಿನಲ್ಲೇ ‘ಎಸ್ಟ್ರೇಂಜ್ಡ್’ ಎಂದು ಬರೆದಿದ್ದಳು. ಓದಿದ ನಮ್ಮ ಎದೆ ಧಸಕ್ಕೆಂದಿತು. ಆ ರಾತ್ರಿ ಊಟದ ಮೇಜಿನ ಮೇಲೆ ಈ ಪದಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದೆವು. ಎಸ್ಟ್ರೇಂಜ್ಡ್ ಎನ್ನಲು ಏನೂ ನಡೆದಿಲ್ಲ. ‘ಡ್ರಿಫ್ಟ್’ ಎನ್ನೋಣವೆಂದರೆ ಅವಳೇ ಒಪ್ಪಲಿಲ್ಲ, ‘ಪ್ರತಿ ಭಾನುವಾರ ಮಾತಾಡ್ತೀವಲ್ಲ ಅಮ್ಮಾ’ ಎಂದಳು. ಅಲೂಫ್ ಅಲ್ಲ, ವಿತ್‌ಡ್ರಾನ್ ಅಲ್ಲ. ಕೊನೆಗೆ ‘ಡಿಸ್ಟೆಂಟ್ ವಿತ್ ಮೀ’ ಎಂಬಲ್ಲಿಗೆ ಬಂದೆವು. ಅದಕ್ಕೆ ಅವಳ ಪ್ರಶ್ನೆ: ‘ಯಾವತ್ತಿನಿಂದ?’ ದಿನ ಹುಡುಕುತ್ತ ಹೋದಾಗಲೇ ಆ ‘ನೀವು ಹೇಗಿದ್ದೀರಿ’ ಸಿಕ್ಕಿದ್ದು.

ಮುಂದಿನ ಭಾನುವಾರ ಅವಳು, ‘ಅಜ್ಜೀ, ನೀನು ಇವತ್ತು ಏನು ಮಾಡ್ದೆ?’ ಎಂದಳು. ಅಜ್ಜಿ ಹಲಸಿನ ಹಪ್ಪಳ ಒಣಗಿಸಿದ್ದು, ಮಂಗ ಬಂದು ಎಳೆದುಕೊಂಡು ಹೋದದ್ದು, ಮಂಗನಿಗೆ ಬೈದದ್ದು ಎಲ್ಲ ಹೇಳಿದರು. ನಾಷ್ಟಾ ತಟ್ಟೆ ಮಧ್ಯಾಹ್ನದವರೆಗೂ ಮೇಜಿನ ಮೇಲೇ ಇತ್ತು.

ಪ್ರಬಂಧ ಮಾತ್ರ ಕಷ್ಟಕ್ಕೆ ಬಂತು. ನಡೆದದ್ದನ್ನು ನಡೆದ ಹಾಗೇ ಬರೆಯಬೇಕಲ್ಲ. ‘ನೀವು’ ಎನ್ನುವುದನ್ನು ಬಿಟ್ಟು ‘ನೀನು’ ಎಂದೆ, ಆಗ ಸರಿಹೋಯಿತು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಹೋದರೆ, ‘ಅವಳನ್ನು ಯು ಎನ್ನುವುದನ್ನು ಬಿಟ್ಟು ಯು ಎಂದೆ’ ಎಂದಾಗುತ್ತದೆ. ಅವಳು ಹಾಗೆಯೇ ಬರೆದಳು. ಅಧ್ಯಾಪಕರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು ಹಾಕಿ ಕಳಿಸಿದ್ದಾರೆ. ಅದರ ಕೆಳಗೆ ಅವಳು ಸಣ್ಣ ಅಕ್ಷರದಲ್ಲಿ ಮೂರು ಸಾಲು ವಿವರಣೆ ಬರೆದು ವಾಪಸು ಕೊಟ್ಟಿದ್ದಾಳೆ.